ಬ್ಯಾಗ್ ಅಂಗಡಿಯ ಮುಂದಿನ ಕುರ್ಚಿ

ಸಣ್ಣ ವ್ಯಾಪಾರಿಗಳ ಸಂಘದ ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ನನಗಿಂತ ಮೊದಲು ಮಾತನಾಡಿ ನನ್ನ ಸಮಯವನ್ನೂ ಒಂದಿಷ್ಟು ಬಳಸಿಕೊಂಡ ಮುಖ್ಯ ಅತಿಥಿಗಳೇ, ಹಾಗೂ ಅಂಗಡಿ ಬಾಗಿಲು ಹಾಕಿಕೊಂಡು ಬಂದು, ಬೀಗ ಸರಿಯಾಗಿ ಬಿತ್ತೋ ಇಲ್ಲವೋ ಎಂದು ಈಗಲೂ ಒಳಗೊಳಗೇ ಯೋಚಿಸುತ್ತಿರುವ ಸಭಿಕರೇ,

‘ಸಣ್ಣ ವ್ಯಾಪಾರದಲ್ಲಿ ಪ್ರಚಾರ ಮತ್ತು ಸಂವಹನ’ ಎಂಬ ವಿಷಯದ ಮೇಲೆ ನಾನು ಮಾತನಾಡಬೇಕಂತೆ. ಕಾರ್ಯದರ್ಶಿಗಳು ಅಂಗಡಿಗೆ ಬಂದು ಇದನ್ನು ಹೇಳಿದಾಗ, ಇದಕ್ಕೆಲ್ಲ ಓದಿದವರು ಇದ್ದಾರಲ್ಲ, ನನ್ನನ್ನು ಯಾಕೆ ಎಳೆಯುತ್ತೀರಿ ಎಂದೆ. ನೀವು ಮಾಡಿದ್ದನ್ನೇ ಹೇಳಿ ಸಾಕು ಎಂದರು. ಹಾಗಾಗಿ ಮಾಡಿದ್ದನ್ನೇ ಹೇಳುತ್ತೇನೆ. ನಡುನಡುವೆ ದಾರಿ ತಪ್ಪಿದರೆ ಕೆಮ್ಮಿ, ವಾಪಸು ಬರುತ್ತೇನೆ.

ನಮ್ಮದು ಬ್ಯಾಗ್ ರಿಪೇರಿ ಅಂಗಡಿ. ಬಸ್ ನಿಲ್ದಾಣದಿಂದ ಮಾರುಕಟ್ಟೆಗೆ ಹೋಗುವ ಕಿರುದಾರಿಯಲ್ಲಿ, ಗಡಿಯಾರದ ಅಂಗಡಿಗೂ ಬೀಗದ ಕೈ ಮಾಡುವವರ ಅಂಗಡಿಗೂ ನಡುವೆ ಇದೆ. ಜಿಪ್ ಬಾಯಿ ಬಿಟ್ಟ ಬ್ಯಾಗು, ಹಿಡಿಕೆ ಕಿತ್ತ ಬ್ಯಾಗು, ಚಕ್ರ ಮುರಿದ ಸೂಟ್‌ಕೇಸು, ಪುಸ್ತಕದ ಭಾರಕ್ಕೆ ತಳ ಹರಿದ ಶಾಲೆ ಬ್ಯಾಗು, ಎಲ್ಲವೂ ನಮ್ಮಲ್ಲಿಗೆ ಬರುತ್ತವೆ. ಬ್ಯಾಗು ಎಂದರೆ ಏನು? ಯಾರೋ ಎಲ್ಲಿಗೋ ಹೊರಟಿದ್ದಾರೆ ಎಂದು ಅರ್ಥ. ಅದಕ್ಕೇ ನಮ್ಮ ಗಿರಾಕಿಗಳಿಗೆ ಯಾವಾಗಲೂ ಅವಸರ.

ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ನನ್ನ ಯಜಮಾನರು ಕೂರುತ್ತಿದ್ದರು. ಹಿಂದೆ, ಪ್ಲೈವುಡ್ ಗೋಡೆಯ ಆಚೆ, ಹೊಲಿಗೆ ಯಂತ್ರದ ಮುಂದೆ ನಾನು ಕೂರುತ್ತಿದ್ದೆ. ಮಾತು ಅವರದು, ಹೊಲಿಗೆ ನನ್ನದು. ಹೀಗೆಂದು ಯಾರೂ ಕೂತು ತೀರ್ಮಾನಿಸಿದ್ದಲ್ಲ. ಮದುವೆಯಾಗಿ ಬಂದಾಗ ಹಿಂದಿನ ಸ್ಟೂಲು ಖಾಲಿ ಇತ್ತು, ಕೂತೆ. ಬೀದಿಯವರು ಅವರಿಗೆ ‘ರೇಡಿಯೋ’ ಎಂದು ಹೆಸರಿಟ್ಟಿದ್ದರು. ದಾರಿಯಲ್ಲಿ ಹೋಗುವವರನ್ನು ಕರೆದು ಮಾತಾಡಿಸಿ, ನಗಿಸಿ, ಅವರ ಬ್ಯಾಗಿನಲ್ಲಿ ಒಂದು ಹರಿದ ಜಾಗವನ್ನು ತಾವೇ ಹುಡುಕಿಕೊಡುತ್ತಿದ್ದರು. ಯಾರಾದರೂ ಒಳಗೆ ಇಣುಕಿ, ಅಕ್ಕ, ಸಂಜೆಗೆ ಆಗುತ್ತಾ ಎಂದು ನನ್ನನ್ನೇ ಕೇಳಿದರೂ, ಆಗುತ್ತೆ ಆಗುತ್ತೆ ಎಂದು ಮುಂದಿನ ಕುರ್ಚಿಯಿಂದ ಉತ್ತರ ಬರುತ್ತಿತ್ತು. ಮನೆಗೆ ನೆಂಟರು ಬಂದು ನೀನು ಹೇಗಿದ್ದೀಯಮ್ಮ ಎಂದರೆ, ಅವಳು ಚೆನ್ನಾಗಿದ್ದಾಳೆ ಎಂದೂ ಅವರೇ ಹೇಳಿಬಿಡುತ್ತಿದ್ದರು. ಚೆನ್ನಾಗಿಯೇ ಇದ್ದೆ, ಅದು ಬೇರೆ ಮಾತು. ನೀವು ನಗಬಹುದು. ಮೂರನೇ ಸಾಲಿನಲ್ಲಿ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಕೂತಿದ್ದಾರಲ್ಲ, ಅವರೂ ನಗುತ್ತಿದ್ದಾರೆ.

ಒಂದು ವರ್ಷ ಅವರ ಧ್ವನಿ ಒಡೆಯಿತು. ನೆಗಡಿ ಎಂದುಕೊಂಡೆವು. ನೆಗಡಿ ಹೋಯಿತು, ಧ್ವನಿ ಬರಲಿಲ್ಲ. ಕೊನೆಗೆ ದೊಡ್ಡ ಆಸ್ಪತ್ರೆಯಲ್ಲಿ, ಗಂಟಲಲ್ಲಿ ಗಡ್ಡೆ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿ, ಏನು ಮಾಡೋಣ ಎಂದು ಇವರನ್ನು ಕೇಳಿದರು. ಜಗತ್ತಿನ ಎಲ್ಲ ಪ್ರಶ್ನೆಗೂ ಉತ್ತರ ಕೊಡುತ್ತಿದ್ದ ಮನುಷ್ಯ ಆವತ್ತು ತಿರುಗಿ ನನ್ನ ಮುಖ ನೋಡಿದರು. ನನ್ನ ಬಾಯಿಂದ ಉತ್ತರ ಬರಲಿ ಎಂದು ಅವರು ಕಾದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ನಾನು ಹೇಳಿದೆ: “ತೆಗೆದುಬಿಡಿ ಸರ್. ನನಗೆ ಮನುಷ್ಯ ಬೇಕು.”

ಎಲ್ಲಿಗೋ ಹೋದೆ, ಕ್ಷಮಿಸಿ. ವ್ಯಾಪಾರಕ್ಕೆ ಬರೋಣ.

ಆಪರೇಷನ್ ಆಯಿತು, ಅವರು ಮನೆಯಲ್ಲಿ ಮಲಗಿದರು, ನಾನು ಅಂಗಡಿ ತೆಗೆದೆ. ಗಿರಾಕಿಗಳು ಬರುತ್ತಿದ್ದರು, ಅವರೆಲ್ಲಿ ಎನ್ನುತ್ತಿದ್ದರು, ಪ್ಲೈವುಡ್ ಆಚೆಯಿಂದ ನಾನು ಗೊಣಗಿದ್ದು ಅವರಿಗೆ ಕೇಳುತ್ತಿರಲಿಲ್ಲ, ಆಮೇಲೆ ಬರುತ್ತೇವೆ ಎಂದು ಹೋಗುತ್ತಿದ್ದರು. ಕ್ರಮೇಣ ಆಮೇಲೂ ಬರುವುದನ್ನು ಬಿಟ್ಟರು. ಹೊಲಿಗೆಯಲ್ಲಿ ಏನಾದರೂ ಕೆಟ್ಟಿತ್ತೇ? ಇಲ್ಲ. ಅದೇ ದಾರ, ಅದೇ ಸೂಜಿ, ಅದೇ ಕೈ. ಹಾಗಾದರೆ ಏನು ಇರಲಿಲ್ಲ? ಕೆಲಸ ಇತ್ತು, ಕೆಲಸ ಇದೆ ಎಂದು ಹೇಳುವವರು ಇರಲಿಲ್ಲ. ಇಲ್ಲಿ ಕೂತಿರುವ ಎಷ್ಟೋ ಜನರ ಅಂಗಡಿಯ ಕಥೆಯೂ ಇದೇ ಇರಬಹುದು.

ನನ್ನ ಮೈದುನ ಒಳ್ಳೆಯ ಮನುಷ್ಯ. ಒಂದು ಭಾನುವಾರ ಮನೆಗೆ ಬಂದು, ಮಳಿಗೆಯನ್ನು ಮೊಬೈಲ್ ಅಂಗಡಿಯವರಿಗೆ ಬಿಟ್ಟುಕೊಡೋಣ, ಕೂತಲ್ಲಿಗೆ ಬಾಡಿಗೆ ಬರುತ್ತದೆ ಎಂದ. ಅಣ್ಣ ಇಲ್ಲದೆ ಅದು ನಡೆಯುವ ಅಂಗಡಿಯೇ ಎಂದ. ಇವರು ಹಾಸಿಗೆಯಲ್ಲಿ ಕೂತು ಸರಿ ಎಂಬಂತೆ ತಲೆಯಾಡಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಲ್ಲಿಂದಲೇ ಹೇಳಿದೆ.

“ಅಣ್ಣ ಇಲ್ಲದೆ ಅಂಗಡಿ ನಡೆಯಲ್ಲ ಅಂತೀಯ. ನಾನಿಲ್ಲದೆ ಹೇಗೆ ನಡೀತಿತ್ತು ಅಂತ ಕೇಳ್ಕೊಂಡಿದ್ದೀಯೇನಪ್ಪ? ಮಳಿಗೆ ಬಿಡಲ್ಲ.”

ಮೈದುನ ಅಣ್ಣನ ಮುಖ ನೋಡಿದ. ಅಣ್ಣ ನೆಲ ನೋಡಿದರು. ನಾನು ಒಲೆಯ ಕಡೆ ಹೋದೆ. ಹಾಲು ಉಕ್ಕಿ ಹೋಗಿತ್ತು. ಒರೆಸುತ್ತಾ ಯೋಚಿಸಿದೆ, ಹೇಳಿದ್ದೇನೋ ಹೇಳಿದೆ, ಇನ್ನು ಮಾಡುವುದು ಹೇಗೆ?

ಮೊದಲು ಮಾಡಿದ ಕೆಲಸ ಕರಪತ್ರ. ಮೈದುನನ ಮಗಳು ಕಾಲೇಜಿನಲ್ಲಿ ಈ ಪ್ರಚಾರದ ವಿಷಯವನ್ನೇ ಓದುತ್ತಾಳೆ. ಪಾಪ, ಆಸೆಯಿಂದ ಬರೆದುಕೊಟ್ಟಳು: ‘ನಿಮ್ಮ ಪ್ರತಿ ಪಯಣದ ನಂಬಿಕೆಯ ಸಂಗಾತಿ’. ಕೆಳಗೆ ವಿಳಾಸ, ಮೇಲೆ ಸೂಟ್‌ಕೇಸು ಹಿಡಿದು ನಗುವ ಹೆಂಗಸಿನ ಚಿತ್ರ. ಬಸ್ ನಿಲ್ದಾಣದಲ್ಲಿ ಹಂಚಿಸಿದೆವು. ಜನ ಬಂದರು. ಬಂದು, ಟಿಕೆಟ್ ಇಲ್ಲೇ ಕೊಡ್ತೀರಾ ಎಂದು ಕೇಳಿದರು. ಒಬ್ಬರಂತೂ ಕಿಟಕಿ ಪಕ್ಕದ ಸೀಟೇ ಬೇಕು ಎಂದು ಹಟ ಹಿಡಿದರು. ನಗುತ್ತೀರಿ, ಆದರೆ ನಿಮ್ಮ ನಿಮ್ಮ ಬೋರ್ಡುಗಳನ್ನು ಸ್ವಲ್ಪ ನೆನಪಿಸಿಕೊಳ್ಳಿ. ನೀವು ಏನು ಮಾಡುತ್ತೀರಿ ಎಂಬುದು ಅದನ್ನು ಓದಿದವರಿಗೆ ಗೊತ್ತಾಗುತ್ತದೆಯೇ?

ಆಮೇಲೆ ಒಬ್ಬ ನರ್ಸಮ್ಮ ಬಂದರು. ಗಡಿಯಾರದ ಅಂಗಡಿಯವರು ಕಳಿಸಿದ್ದಂತೆ. ಮರುದಿನ ಬೆಳಿಗ್ಗೆ ದೂರದ ದೇಶಕ್ಕೆ ಕೆಲಸಕ್ಕೆ ಹೊರಟಿದ್ದರು, ತುಂಬಿದ ಸೂಟ್‌ಕೇಸಿನ ಜಿಪ್ ಉದ್ದಕ್ಕೂ ಬಿಚ್ಚಿಕೊಂಡಿತ್ತು. ಮುಂದಿನ ಕುರ್ಚಿಯಲ್ಲೇ ಕೂತು ಕೈಯಲ್ಲಿ ಹೊಲಿದುಕೊಟ್ಟೆ. ಹೋಗುವಾಗ ಅವರು ನಿಂತು ಹೇಳಿದರು:

“ಅಕ್ಕ, ಎಷ್ಟೋ ವರ್ಷದಿಂದ ದಿನಾ ಇದೇ ದಾರೀಲಿ ಡ್ಯೂಟಿಗೆ ಹೋಗ್ತೀನಿ. ಇಲ್ಲಿ ಬ್ಯಾಗ್ ಹೊಲೀತೀರ ಅಂತ ಗೊತ್ತೇ ಇರಲಿಲ್ಲ. ಯಾರೋ ಒಬ್ರು ಕೂತು ಎಲ್ಲರನ್ನೂ ಕರೆದು ಮಾತಾಡಿಸ್ತಾ ಇದ್ರು. ನನಗೆ ಟೈಮ್ ಆಗಿಹೋಗುತ್ತೆ ಅಂತ ಆಚೆ ಬದಿಯಿಂದ ದಾಟಿಬಿಡ್ತಿದ್ದೆ.”

ಆ ಹೊತ್ತಿಗೆ ಇವರು ಅಂಗಡಿಗೆ ಬರಲು ಶುರುಮಾಡಿದ್ದರು. ಹಿಂದೆ, ನನ್ನ ಸ್ಟೂಲಿನ ಮೇಲೆ ಕೂತು ಜಿಪ್ ಎಳೆಯುವ ರನ್ನರ್‌ಗಳನ್ನು ಅಳತೆ ಪ್ರಕಾರ ಡಬ್ಬಿಗೆ ಹಾಕುತ್ತಿದ್ದರು. ಮಾತು ಕಿವಿಗೆ ಬಿತ್ತು. ಕೈ ನಿಂತಿತು. ಊಟದ ಹೊತ್ತಿನವರೆಗೂ ತಲೆ ಎತ್ತಲಿಲ್ಲ. ನನಗೆ ಸಂಕಟವಾಯಿತು. ಆದರೆ, ಸಭಿಕರೇ, ನಿಜವನ್ನೇ ಹೇಳುತ್ತೇನೆ, ಎಲ್ಲೋ ಒಂದು ಮೂಲೆಯಲ್ಲಿ ಸಮಾಧಾನವೂ ಆಯಿತು. ಯಾಕೆಂದು ನನ್ನನ್ನು ಕೇಳಬೇಡಿ.

ಆ ವಾರವೇ ಬೋರ್ಡು ಬದಲಾಯಿಸಲು ಹೊರಟೆ. ಹಳೆಯದರಲ್ಲಿ ಇವರ ಅಪ್ಪನ ಹೆಸರು, ದೇವರ ಹೆಸರು, ಮಾಡುವ ಕೆಲಸ, ಮಾಡದೇ ಬಿಟ್ಟ ಕೆಲಸ ಎಲ್ಲ ಇತ್ತು. ಬರೆಯುವವರಿಗೆ ನಾನು ಹೇಳಿದ್ದು ಒಂದೇ ಸಾಲು: ‘ಹರಿದ ಬ್ಯಾಗ್ ಹೊಲಿದು ಕೊಡುತ್ತೇವೆ’. ಇವರು ಸಿಟ್ಟಾಗಿ ಬಳಪ ತೆಗೆದು ಅಂಗಡಿಯ ನೆಲದ ಮೇಲೆ ಇನ್ನೂ ಬೇಕಾದ ಪದಗಳನ್ನು ಬರೆಯುತ್ತಾ ಹೋದರು. ನಾನು ಕಾಲಲ್ಲಿ ಒರೆಸುತ್ತಾ ಹೋದೆ. ಬೋರ್ಡಿನವರು ಬಣ್ಣದ ಡಬ್ಬಿ ಹಿಡಿದುಕೊಂಡು ಇಬ್ಬರನ್ನೂ ನೋಡುತ್ತಾ ನಿಂತರು. ಅಷ್ಟು ವರ್ಷಗಳಲ್ಲಿ ನಾವು ಸರಿಸಮವಾಗಿ ಆಡಿದ ಮೊದಲ ಜಗಳ ಅದು. ಗೆದ್ದದ್ದು ಯಾರೆಂದು ಬೋರ್ಡು ನೋಡಿದರೆ ತಿಳಿಯುತ್ತದೆ. ಕುರ್ಚಿಯನ್ನು ದಾರಿಯಿಂದ ಒಳಕ್ಕೆ ಎಳೆದು, ಪ್ಲೈವುಡ್ ಕಿತ್ತು, ಯಂತ್ರವನ್ನು ಮುಂದಕ್ಕೆ ತಂದೆ. ಹೊಲಿಯುವುದು ಕಂಡರೆ, ಇಲ್ಲಿ ಹೊಲಿಯುತ್ತಾರೆ ಎಂದು ಬೇರೆ ಹೇಳಬೇಕಾಗಿಲ್ಲ. ನಿಮ್ಮ ಕೆಲಸ ಕಣ್ಣಿಗೆ ಬೀಳುವ ಕಡೆ ಮಾಡಿ. ಬಂದವರನ್ನೆಲ್ಲ, ನಮ್ಮ ಅಂಗಡಿ ಹೇಗೆ ಗೊತ್ತಾಯಿತು ಎಂದು ಕೇಳಿ. ಗಡಿಯಾರದವರು ಕಳಿಸಿದ್ದಾರೆ ಎಂದರೆ, ಸಂಜೆ ಹೋಗಿ ಗಡಿಯಾರದವರಿಗೆ ಒಂದು ಮಾತು ಹೇಳಿ. ನಾನು ಹೇಳಿದೆ. ಅವರು ಮತ್ತೂ ಕಳಿಸಿದರು.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಒಂದು ವಾದ್ಯ ತಂಡದವರು ತಮ್ಮ ವಾದ್ಯಗಳ ಚೀಲಗಳನ್ನೆಲ್ಲ ತಂದು ಸುರಿದರು. ಶುಕ್ರವಾರ ಬೆಳಿಗ್ಗೆ ಕಾರ್ಯಕ್ರಮಕ್ಕೆ ಹೊರಡುತ್ತೇವೆ ಎಂದರು. ಒಪ್ಪಿಕೊಂಡೆ. ಬುಧವಾರ ಯಂತ್ರದ ಮೋಟರು ಸುಟ್ಟುಹೋಯಿತು. ಕೈಯಲ್ಲಿ ಹೊಲಿದರೂ ಎಲ್ಲವೂ ಆಗುವ ಹಾಗಿರಲಿಲ್ಲ. ಹೇಳಬೇಕು. ಯಾರು ಹೇಳಬೇಕು? ಗುರುತಿಲ್ಲದವರಿಗೆ ನಾನು ಯಾವತ್ತೂ ಫೋನು ಮಾಡಿದವಳಲ್ಲ. ಅಂಥ ಹೊತ್ತಿನಲ್ಲಿ ಮೊದಲು ಇವರಾಗಿದ್ದರೆ ಏನು ಮಾಡುತ್ತಿದ್ದರು ಎಂದು ನನಗೆ ಗೊತ್ತು. ಬಂದಾಗ ನೋಡಿಕೊಳ್ಳೋಣ ಎಂದು ಸುಮ್ಮನಿದ್ದು, ಬಂದ ಮೇಲೆ ಮಾತಿನಲ್ಲಿ ತೇಲಿಸುತ್ತಿದ್ದರು. ನನಗೆ ತೇಲಿಸಲು ಬರುವುದಿಲ್ಲ.

ನಂಬರು ಒತ್ತಿ, ಫೋನು ಕೈಯಲ್ಲಿ ಹಿಡಿದು ನಿಂತೆ. ಆ ಕಡೆ ಹಲೋ ಎಂದರು. ನಾನು ಇವರ ಕಡೆ ನೋಡಿದೆ. ಪಕ್ಕದಲ್ಲಿದ್ದ ಇವರು ಹಳೆಯ ಅಭ್ಯಾಸದಿಂದ ಫೋನು ಕಸಿದುಕೊಂಡು ಕಿವಿಗಿಟ್ಟುಕೊಂಡರು. ಬಾಯಿ ತೆರೆದರು. ಗಾಳಿ ಮಾತ್ರ ಬಂತು, ಅದೂ ಬಾಯಿಂದಲ್ಲ, ಆಪರೇಷನ್‌ನಲ್ಲಿ ಉಸಿರಾಡಲೆಂದು ಕುತ್ತಿಗೆಯಲ್ಲಿ ಮಾಡಿದ ತೂತಿನಿಂದ. ಆ ಕಡೆ ಹಲೋ ಹಲೋ ಎನ್ನುತ್ತಿದ್ದರು. ಇವರು ನಿಧಾನವಾಗಿ ಫೋನನ್ನು ಕಿವಿಯಿಂದ ತೆಗೆದು, ನನ್ನ ಕೈಯಲ್ಲಿಟ್ಟು, ನನ್ನ ಬೆರಳುಗಳನ್ನು ಅದರ ಮೇಲೆ ಮಡಿಸಿದರು. ಮಡಿಸಿ ಒತ್ತಿ ಹಿಡಿದರು.

ನಾನು ಮಾತಾಡಿದೆ. “ಸರ್, ಬ್ಯಾಗ್ ಅಂಗಡಿಯಿಂದ. ನಮ್ಮ ಮಿಷನ್ ಕೆಟ್ಟಿದೆ. ಶುಕ್ರವಾರಕ್ಕೆ ಎಲ್ಲಾ ಆಗಲ್ಲ. ಯಾವುದು ಮೊದಲು ಬೇಕು ಹೇಳಿ, ಅದನ್ನ ಕೈಯಲ್ಲಿ ಹೊಲಿದು ಕೊಡ್ತೀನಿ. ಉಳಿದಿದ್ದಕ್ಕೆ ಬೇರೆ ವ್ಯವಸ್ಥೆ ಮಾಡ್ಕೊಳ್ಳೋಕೆ ನಿಮಗೆ ಇನ್ನೂ ಟೈಮ್ ಇದೆ.”

ಬೈಗುಳಕ್ಕೆ ಕಾದೆ. ಅವರು, ಮುಂಚೆಯೇ ಹೇಳಿದಿರಲ್ಲ, ಅಷ್ಟೇ ಸಾಕು ಎಂದರು. ಯಾವುದು ಮೊದಲು ಬೇಕೆಂದು ಹೇಳಿದರು. ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು ನಾವಿಬ್ಬರೂ ಹೊಲಿದೆವು. ಹೌದು, ಇಬ್ಬರೂ. ಇವರಿಗೆ ಹೊಲಿಗೆ ಬರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು. ಆ ತಂಡದವರು ಇವತ್ತಿಗೂ ನಮ್ಮನ್ನು ಬಿಟ್ಟು ಬೇರೆ ಕಡೆ ಹೋಗುವುದಿಲ್ಲ, ಊರಿನ ಉಳಿದ ತಂಡಗಳನ್ನೂ ಕರೆತಂದಿದ್ದಾರೆ.

ಮಾತು ಬಾರದು ಎಂದು ಹಿಂದೆ ಸರಿಯುವವರು ಇಲ್ಲಿ ಬಹಳ ಜನ ಇದ್ದೀರಿ, ಅದಕ್ಕೆ ಹೇಳುತ್ತಿದ್ದೇನೆ. ವ್ಯಾಪಾರಕ್ಕೆ ಬೇಕಾದ ಮಾತು ತುಂಬ ಸ್ವಲ್ಪ. ಏನು ಮಾಡುತ್ತೇವೆ, ಯಾವಾಗ ಕೊಡುತ್ತೇವೆ, ಆಗದಿದ್ದರೆ ಆಗುವುದಿಲ್ಲ. ಕೆಟ್ಟ ಸುದ್ದಿಯನ್ನು ಗಿರಾಕಿ ಬಂದು ಕಂಡುಹಿಡಿಯುವ ಮೊದಲು ನೀವೇ ಹೇಳಿ. ನಿಮ್ಮಿಂದಾಗದ ಕೆಲಸಕ್ಕೆ, ಆಗುವವರ ಅಂಗಡಿಯನ್ನು ತೋರಿಸಿ. ಚರ್ಮದ ಕೆಲಸವನ್ನು ನಾನು ಚಪ್ಪಲಿ ಹೊಲಿಯುವ ಅಣ್ಣನ ಕಡೆ ಕಳಿಸುತ್ತೇನೆ. ಅವರು ಮುಂದಿನ ಸಾಲಿನಲ್ಲೇ ಇದ್ದಾರೆ, ಬೇಕಾದರೆ ಕೇಳಿ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಇದನ್ನು ಹೇಳುತ್ತೇನೆಂದು ಇವರಿಗೆ ತಿಳಿಸಿಲ್ಲ. ತಿಳಿಸಿದ್ದರೆ ಬರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಒಬ್ಬ ಟೀಚರು ಇದ್ದಾರೆ. ಗಾಳಿ ನುಂಗಿ, ಅದನ್ನು ಹೊರಬಿಡುತ್ತಾ ಮಾತಾಡುವುದನ್ನು ಇಂಥವರಿಗೆ ಕಲಿಸುತ್ತಾರೆ. ಇವರು ಕಲಿತಿದ್ದಾರೆ. ಹೊರಡುವ ಧ್ವನಿ ಒರಟು, ತೇಗಿದ ಹಾಗೆ. ಮನೆಯಲ್ಲಿ ನನ್ನೊಂದಿಗೆ ಮಾತಾಡುತ್ತಾರೆ, ಬಾಗಿಲು ತಟ್ಟಿದ ಸದ್ದಾದರೆ ನಿಲ್ಲಿಸಿಬಿಡುತ್ತಾರೆ. ಈ ಧ್ವನಿ ಕೇಳಿದರೆ ಗಿರಾಕಿಗಳು ಹೆದರುತ್ತಾರೆ, ಅಣ್ಣ ಹಿಂದೆಯೇ ಕೂತಿರಲಿ ಎಂದು ಮೈದುನನೂ ಹೇಳುತ್ತಾನೆ. ಇವರದೂ ಅದೇ ಅಭಿಪ್ರಾಯ.

ನನ್ನ ಅಭಿಪ್ರಾಯ ಬೇರೆ. ಹಿಂದಿನ ಸ್ಟೂಲಿನಲ್ಲಿ ಕೂತು, ತನ್ನ ಬದಲು ಬೇರೆಯವರು ಉತ್ತರ ಹೇಳುವುದನ್ನು ಕೇಳುತ್ತಾ ಇರುವುದು ಎಂದರೇನು ಎಂದು ನನಗೆ ಗೊತ್ತು. ಆ ಗತಿ ಇವರಿಗೆ ಬರುವುದು ಬೇಡ. ಕಳೆದ ವಾರ ಒಬ್ಬ ಅಜ್ಜಿ ಬಂದಾಗ ನಾನು ಬೇಕೆಂದೇ ದಾರ ತರುವ ನೆಪದಲ್ಲಿ ಹೊರಗೆ ಹೋದೆ. ಗಡಿಯಾರದ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕೇಳಿದೆ. ಅಜ್ಜಿ ಏನೋ ಕೇಳಿದರು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಆ ಧ್ವನಿ ಬಂತು. ಅಜ್ಜಿಗೆ ತಿಳಿಯಲಿಲ್ಲ, ಇನ್ನೊಂದು ಸಲ ಹೇಳಪ್ಪ ಎಂದರು. ಇನ್ನೊಂದು ಸಲ ಹೇಳಿದರು. ಆಗಲೂ ತಿಳಿಯಲಿಲ್ಲ. ನನ್ನ ಕಾಲು ಒಳಗೆ ಓಡಲು ಹೊರಟಿತು, ತಡೆದುಕೊಂಡೆ. ಮತ್ತೆ ಹೇಳಿದರು. “ಓ, ನಾಳೆ ಬರಬೇಕಾ? ಆಯ್ತಪ್ಪ, ನಾಳೇನೇ ಬರ್ತೀನಿ,” ಎಂದು ಅಜ್ಜಿ ಹೊರಟರು. ಹೆದರಲಿಲ್ಲ. ಮಾರನೇ ದಿನ ಬಂದರು, ತಮ್ಮ ತಂಗಿಯನ್ನೂ ಕರೆದುಕೊಂಡು, ತಂಗಿಯ ಹರಿದ ಬ್ಯಾಗನ್ನೂ ಹಿಡಿದುಕೊಂಡು.

ಆದ್ದರಿಂದ ಈ ವೇದಿಕೆಯಿಂದಲೇ ನಮ್ಮ ಅಂಗಡಿಯ ಪ್ರಚಾರ ಮಾಡಿಬಿಡುತ್ತೇನೆ. ಬರುವ ಸೋಮವಾರದಿಂದ ಬೆಳಗಿನ ಹೊತ್ತು ಅಂಗಡಿಯಲ್ಲಿ ಇವರೇ ಮಾತಾಡುತ್ತಾರೆ. ನಾನು ಆ ಹೊತ್ತಿನಲ್ಲಿ ಮಾರುಕಟ್ಟೆಯ ಹೊಸ ಕಟ್ಟಡದಲ್ಲಿ ನಾವು ತೆರೆಯಲಿರುವ ಎರಡನೇ ಅಂಗಡಿಯ ಕೆಲಸ ನೋಡುತ್ತಿರುತ್ತೇನೆ. ಬನ್ನಿ. ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಹೇಳಿ, ಅವರು ಮತ್ತೆ ಹೇಳುತ್ತಾರೆ. ತಿಳಿದಂತೆ ತಲೆಯಾಡಿಸಿ ಮಾತ್ರ ಹೋಗಬೇಡಿ. ಅವರ ಮುಖ ನೋಡಿ, ಅವರನ್ನೇ ಕೇಳಿ, ಅವರು ಮುಗಿಸುವವರೆಗೆ ನಿಲ್ಲಿ. ಸಂವಹನದ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ.

ಇವರು ಈಗ ಎದ್ದು ನಿಂತಿದ್ದಾರೆ. ಬಾಗಿಲ ಕಡೆ ಹೋಗುತ್ತಾರೋ, ಈ ಕಡೆ ಬರುತ್ತಾರೋ ತಿಳಿಯದು. ಈ ಕಡೆ ಬಂದರೆ, ಅಧ್ಯಕ್ಷರೇ, ದಯವಿಟ್ಟು ಮೈಕನ್ನು ಅವರ ಬಾಯಿಯ ಹತ್ತಿರಕ್ಕೆ ಸರಿಸಿ ಕೊಡಿ, ಆ ಧ್ವನಿ ದೂರಕ್ಕೆ ಕೇಳಿಸುವುದಿಲ್ಲ.

ಕರೆಸಿ ಮಾತಾಡಿಸಿದ ಸಂಘಕ್ಕೂ, ಇಷ್ಟು ಹೊತ್ತು ಕೂತು ಕೇಳಿದ ನಿಮಗೂ ನನ್ನ ಧನ್ಯವಾದ. ನಮಸ್ಕಾರ.