ಎತ್ತಿಗೂ ಪಾರ್ಟಿ ಹಚ್ಚಿದ ವರ್ಷ

ಅಲ್ರಲೇ ಹುಡುಗ್ರಾ, ಆವಾಗ ನನ್ನ ಹಂತ್ಯಾಕ ಇದ್ದದ್ದು ಒಂದ ಎತ್ತು. ಇನ್ನೊಂದು ಬಾಜೂ ಮನಿ, ಬಾಜೂ ಹೊಲದ ಫಕೀರಪ್ಪಂದು. ಒಂಟೆತ್ತಿನ್ಯಾಗ ಬಿತ್ತಾಕ ಬರೂದಿಲ್ಲ ನೋಡ್ರಿ, ಅದಕ್ಕ ಎರಡೂ ಕೂಡಿಸಿ ಒಂದಿನ ಅವನ ಹೊಲಾ, ಒಂದಿನ ನನ್ನ ಹೊಲಾ ಬಿತ್ತತಿದ್ವಿ. ಹತ್ತು ವರ್ಷ ಹಂಗ ನಡೀತು. ಅವನ ಎತ್ತಿನ ಹೆಸರು ಮಾಸ, ಅಲ್ಲ ಅಲ್ಲ, ಮಾಸ ನಂದು, ಅವಂದು ಕೆಂಚ. ಎಷ್ಟ್ ಛಲೋ ಎತ್ತಂತೀರಿ, ಬಾರಕೋಲು ತೋರಸೂದ ಬ್ಯಾಡ. ನಿಮ್ಮಜ್ಜಿ ಹೊಲಕ್ಕ ಬುತ್ತಿ ತಂದ್ರ ಮೊದಲನೇ ರೊಟ್ಟಿ ಕೆಂಚಗ.

ಎಂಬತ್ತೈದರಾಗ ಎಲೆಕ್ಷನ್ ಬಂತು. ನಂದೊಂದು ಪಾರ್ಟಿ, ಫಕೀರಪ್ಪಂದೊಂದು. ಅದಕ್ಕ ಮೊದ್ಲೂ ಬ್ಯಾರೆ ಬ್ಯಾರೆನ ಓಟು ಹಾಕಿದ್ವಿ, ಆದ್ರ ಆ ಸಲ ಇಬ್ಬರೂ ತಮ್ ತಮ್ಮ ಜೀಪು ಹತ್ತಿ ಊರೂರು ಒದರಿದ್ವಿ. ನಮ್ಮಂವಾ ಆರಿಸಿ ಬಂದ. ಫಕೀರಪ್ಪನ ಬಾಗಲಕ್ಕ ಗುಲಾಲು ಉಗ್ಗಿದ್ವಿ. ಉಗ್ಗಿದ್ವಿ ಏನು, ನಾನ ಉಗ್ಗಿದೆ, ಸುಳ್ಳ್ಯಾಕ ಹೇಳ್ಲಿ. ಮುಂದ ರೋಹಿಣಿ ಮಳಿ ಆತು, ಹೆಸರು ಬಿತ್ತೂ ಹದಾ ಬಂತು. ನಿಮ್ಮಜ್ಜಿ, 'ಫಕೀರಪ್ಪಣ್ಣಗ ಕರದು ಬರ್ರಿ' ಅಂದ್ಲು. ನಾ ಏನಂದೆ ಗೊತ್ತೇನು? 'ಅವನ ಕೆಂಚ ಅಗದಿ ಮೈಗಳ್ಳ ಐತಿ, ನನ್ನ ಮಾಸ ಒಂದ ಎಲ್ಲಾ ಜಗ್ಗತೈತಿ.' ಹತ್ತು ವರ್ಷ ಕಾಣದ ಮೈಗಳ್ಳತನ ಆವಾಗ ಕಂಡಿತು ನೋಡ್ರಿ. ನಮ್ಮ ಪಾರ್ಟಿ ಶಿವಪ್ಪನ ಎಳೀ ಎತ್ತು ತಂದು ಹೂಡಿದೆ. ಮಾಸ ನಡದ್ರ ಅದು ಓಡತಿತ್ತು, ಬಿತ್ತೂ ಕೂರಿಗಿ ಹಾವಿನಂಗ ಹೊಂಟಿತು. ಆದ್ರೂ ನಾ, 'ಏನ್ ಚುರುಕ ಐತಿ' ಅಂತ ಹೊಗಳಿದ್ದ ಹೊಗಳಿದ್ದು.

ಹೆಸರು ಹುಟ್ಟಿತು, ಸಾಲೆಲ್ಲಾ ಸೊಟ್ಟ. ಸೊಟ್ಟ ಸಾಲಿನ್ಯಾಗ ಕಸಾ ತಗ್ಯಾಕ ಎಡಿಕುಂಟಿ ಹೊಡದ್ರ ಕಸದ ಜೋಡಿ ಪೀಕೂ ಕಿತ್ತು ಬರತೈತಿ. ಹೊಡೀಲಿಲ್ಲಂದ್ರ ಕಸಾ ನುಂಗತೈತಿ. ವರ್ಷದ ಪೀಕು ಹೋತಂತ ಬದುವಿನ ಮ್ಯಾಲೆ ಕುಂತೆ. ಆ ಕಡೆ ಬದುವಿಗೆ ಫಕೀರಪ್ಪನೂ ಕುಂತಿದ್ದ. ಅವನ ಹೊಲಾ ನನ್ನ ಹೊಲಕಿಂತ ಸೊಟ್ಟ. ಅವನೂ ಅವನ ಪಾರ್ಟ್ಯಾಂವನ ಎತ್ತು ಹೂಡಿದ್ದ.

ಮೊದ್ಲ ಅವನ ಮಾತಾಡಿದ. 'ನಿನ್ನ ಮಾಸ ಮಂದೀಗೆ ಕೋಡಿಲೆ ಹಾಯತೈತಿ ಅಂತ ಊರೆಲ್ಲಾ ಹೇಳೇನಪಾ.'

'ಅದು ಯಾವಾಗ ಯಾರಿಗೆ ಹಾಯ್ದೈತೋ?'

'ಯಾರಿಗೂ ಇಲ್ಲ,' ಅಂದ, 'ಸಿಟ್ಟಿನ್ಯಾಗ ಅಂದೆ.'

ನನಗ ಅಳುನ ಬಂತು. ಮರುದಿನ ಮುಂಜಾನೆ ಫಕೀರಪ್ಪ ಕೆಂಚನ್ನ ಹೊಡ್ಕೊಂಡು ಬಂದ. ಅವಾ ಮುಂದ ಹಗ್ಗಾ ಹಿಡದ, ನಾ ಹಿಂದ ಎಡಿಕುಂಟಿ ಹಿಡದೆ, ಸೊಟ್ಟ ಸಾಲಿನ ಗುಂಟ ಹೆಜ್ಜಿ ಹೆಜ್ಜಿ ನಡಸಿದ್ವಿ. ಇಬ್ಬರದೂ ಅರ್ಧಾ ಪೀಕು ಉಳೀತು. ಅಂಥಾ ಎತ್ತೂ ಇಲ್ಲ ಈಗ, ಅಂಥಾ ಫಕೀರಪ್ಪನೂ ಇಲ್ಲ. ಓಟು ಯಾರಿಗರ ಹಾಕ್ರಿ, ನಿಮ್ಮ ಖುಷಿ. ಆದ್ರ ಎದುರು ಪಾರ್ಟ್ಯಾಂವಗ ಏನರ ಅನ್ನೂಕಿಂತ ಮೊದ್ಲ, ನಿನ್ನಿತನಕಾ ಅವಗ ಏನಂತಿದ್ದೆ ಅಂತ ಒಂದೀಟು ನೆನಸ್ಕೋರಿ.