ಅಡತಿ ಅಯ್ಯಣ್ಣನ ತೂಕ

ಶಹಾಪುರದ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಗಂಭೀರ ಸಂಗತಿಯೊಂದು ಯಾದಗಿರಿಯ ಬಸ್ಸಿನಲ್ಲಿ ಇತ್ಯರ್ಥವಾಯಿತು. ಮೂವತ್ತು ವರ್ಷ ಊರಿನ ಹತ್ತಿಯನ್ನೆಲ್ಲ ತೂಗಿದ ಅಡತಿ ವ್ಯಾಪಾರಿ ಅಯ್ಯಣ್ಣನ ತೊಡೆಯ ಮೇಲೆ, ಮನೆಯೊಳಗೇ ತುಳಿಯುವ ಅಗ್ಗದ ವ್ಯಾಯಾಮದ ಸೈಕಲ್ಲಿನ ಮುರಿದ ಸೀಟು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿತ್ತು. ಪಕ್ಕದಲ್ಲಿ ಹೆಂಡತಿ ದೇವಕ್ಕ. ಹಿಂದಿನ ಸೀಟಿನವರು ಕಣ್ಣು ಮುಚ್ಚಿದ್ದರು, ಕಿವಿ ಮುಚ್ಚಿರಲಿಲ್ಲ.

“ಮೂರೇ ದಿನಕ್ಕ ಮುರೀತು, ಬದಲಿ ಕೊಡು ಅಂತ ಅಂಗಡ್ಯಾಗ ಕೇಳೋಣು,” ಎಂದ ಅಯ್ಯಣ್ಣ.

“ಕೂಡೋರ ತೂಕ ಎಷ್ಟಂತ ಅಂಗಡಿಯಂವ ಕೇಳಿದಾಗ ಏನ್ ಹೇಳಿದ್ರಿ?”

“ಎಂಬತ್ತು.”

“ಅದು ನಮ್ಮ ಮದುವಿ ಕಾಲದ ತೂಕ ರೀ!”

“ಸಣ್ಣಗ ಮಾತಾಡು. ಅಲ್ಲಿ ನಮ್ಮ ಗಿರಾಕಿಗೋಳು ನಿಂತಿದ್ರು.”

“ತೊಂಬತ್ತು ಕಿಲೊ ತನಕಾ ತಡೀತದ ಅಂತ ಡಬ್ಬಿ ಮ್ಯಾಲ ಬರ್ದಿತ್ತು. ದೊಡ್ಡದು ತಗೊಳ್ರಿ ಅಂದೆ.”

“ದೊಡ್ಡದು ಯಾಕಂತ ಕೇಳ್ತಿದ್ರು.”

“ಅದೂ ಬ್ಯಾಡಂದ್ರ, ಕೆನಾಲ್ ದಂಡಿ ಮ್ಯಾಲ ನಡೀರಿ ಅಂದೆ.”

“ಅಲ್ಲಿ ರೈತರು ನೋಡ್ತಾರ.”

“ಈಗ ಅಂಗಡಿಯಂವ ತೂಕದ ಕಾಟಾ ಮ್ಯಾಲ ನಿಲ್ರಿ ಅಂದ್ರ?”

ಅಯ್ಯಣ್ಣ ಟವೆಲ್ಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿದ.

“ನೀನೇ ಕೂತಿದ್ದಿ ಅಂತ ಹೇಳೋಣೇನು?”

“ನಾ ಐವತ್ತೈದು ಅದೀನಿ! ನೂರಾ ನಾಕು ಕಿಲೊ ಅಂತ ಖರೇ ಹೇಳ್ರಿ!”

ಭೀಮೆಯ ಸೇತುವೆಯ ಮೇಲೆ ಬಸ್ಸು ನಿಧಾನವಾಗಿದ್ದರಿಂದ ಆ ಅಂಕಿ ಡ್ರೈವರನಿಗೂ ಕೇಳಿತು. ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು ಎನಿಸಿತು ಅಯ್ಯಣ್ಣನಿಗೆ.

ಯಾದಗಿರಿಯಲ್ಲಿ ಇಳಿದು ದೇವಕ್ಕ ಮುರಿದ ಸೀಟನ್ನು ಎತ್ತಿಕೊಂಡು ಅಂಗಡಿಯ ಕಡೆಗೆ ನಡೆದಳು. ಅಯ್ಯಣ್ಣ ಶಹಾಪುರಕ್ಕೆ ಹೊರಟಿದ್ದ ಬಸ್ಸು ಹತ್ತಿದ.