ಷಡ್ಡಕನ ಇನ್ನೂರ ಹನ್ನೊಂದು

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಹನಿಮದ್ದು ಹಾಕಿಸಿಕೊಂಡು ಕೂತಿದ್ದ ದರ್ಜಿ ಹೆಂಗಸಿಗೆ ಕಿವಿಯೊಂದೇ ಆಸರೆ. ಪಕ್ಕದಲ್ಲಿದ್ದ ಇಬ್ಬರು ಗಂಡಸರು ಷಡ್ಡಕರೆಂದೂ ಇಬ್ಬರಿಗೂ ಮನೆಯಿಂದಲೇ ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೊ ಹುಚ್ಚೆಂದೂ ಮಾತಿನಿಂದಲೇ ಅವಳಿಗೆ ತಿಳಿಯಿತು. ಭಾನುವಾರದ ಸ್ಪರ್ಧೆಯಲ್ಲಿ ಎಷ್ಟು ಜನರೊಡನೆ ಮಾತಾಡಿದೆವೆಂದು ತಾವೇ ಬರೆದು ಕಳಿಸಬೇಕಂತೆ. ಪ್ರತಿ ಸಲವೂ ಆಚೆಯವರು ಒಂದು ನಂಬರ್ ಹೇಳುತ್ತಾರಂತೆ; ಅದು ಕಿವಿಗೆ ಬಿದ್ದರೆ ಮಾತ್ರ ಆ ಮಾತುಕತೆ ಲೆಕ್ಕವಂತೆ.

“ಇನ್ನೂರ ಹನ್ನೊಂದು ಅಂತ ಕಳಿಸಿದ್ದೀಯಂತೆ,” ಎಂದ ಹಿರಿಯ.

“ಹೌದು ಭಾವ.”

“ನಂದು ನೂರ ನಲವತ್ತು. ಆಂಟೆನಾ ನಂದೇ ಎತ್ತರ.”

“ನಾನು ಊಟಕ್ಕೂ ಏಳ್ಲಿಲ್ಲ.”

“ಹೇಗೂ ಕೇಳೋರಿಲ್ಲ. ಹನ್ನೊಂದರ ಹಿಂದೆ ಇನ್ನೂರು ಸೇರಿಸಿದ್ರೂ ನಡೆಯುತ್ತೆ.”

“ಕೇಳೋರಿಲ್ಲ ಅಂತಲೇ ಎರಡು ಸಲ ಎಣಿಸಿದೆ. ನಿಮ್ಮನ್ನೂ ಲೆಕ್ಕದಿಂದ ಬಿಟ್ಟೆ.”

“ನನ್ನನ್ನ ಯಾಕೆ? ಮಾತಾಡಿದ್ವಲ್ಲ.”

“ಧ್ವನಿ ಗೊತ್ತಾಯ್ತು. ನಂಬರ್ ಗರಗರದಲ್ಲಿ ಕೇಳಿಸ್ಲಿಲ್ಲ.”

ಬೆಂಚು ಕಿರುಗುಟ್ಟಿತು. ಹಿರಿಯನ ದನಿ ತಗ್ಗಿತು.

“ನಂಗೂ ನಿನ್ನದು ಕೇಳಿಸಿರ್ಲಿಲ್ಲ. ಆಮೇಲೆ ನಿನ್ನ ಹೆಂಡತಿಗೆ ಫೋನ್ ಮಾಡಿ, ನೀನು ನಂಗೆ ಹೇಳಿದ್ದ ನಂಬರ್ ನಿನ್ನ ಪುಸ್ತಕದಲ್ಲಿ ನೋಡಿಸಿ ಬರ್ಕೊಂಡೆ.”

“ಗೊತ್ತು ಭಾವ. ಅವಳು ಹೇಳಿದ್ಲು.”

“ಗೊತ್ತಿದ್ದೂ ಯಾರ ಹತ್ರಾನೂ ಬಾಯಿ ಬಿಡ್ಲಿಲ್ವಾ?”

“ಇಲ್ಲ.”

“ಅದೇ ಕಣೋ ನಂಗೆ ಸಹಿಸೋಕಾಗಲ್ಲ. ಮಾವ ಮೂರು ಹೊತ್ತೂ ನಿನ್ನ ಗುಣಗಾನ ಮಾಡೋವಾಗ, ಒಂದಾದ್ರೂ ಹುಳುಕು ಸಿಗ್ಲಿ ಅಂತ ಕಾಯ್ತಿದ್ದೆ.”

ನರ್ಸ್ ಹಿರಿಯನನ್ನು ಒಳಗೆ ಕರೆದಳು.

“ಮೆಟ್ಟಿಲಿದೆ, ಕೈ ಕೊಡಿ ಭಾವ.”

“ಬೇಡ. ನೂರ ಮೂವತ್ತೊಂಬತ್ತು ಅಂತ ತಿದ್ದಿ ಕಳಿಸ್ತೀನಿ. ಅದಕ್ಕೆ ನೀನು ನನ್ನ ಹೊಗಳ್ಬೇಡ.”

ಎರಡು ಜೊತೆ ಚಪ್ಪಲಿಗಳ ಸದ್ದು ಒಟ್ಟಿಗೇ ದೂರವಾಯಿತು.